ನಿಮ್ಮ ಹನ್ನೆರಡನೆಯ ಆಟಗಾರ ಎಲ್ಲಿ?

ನೆಲ್ಯಹುದಿಕೇರಿ
೮ ಮಾರ್ಚ್ ೧೯೫೯

ಇಲಾಖೆಯ ಬ್ಯಾಸ್ಕೆಟ್‌ಬಾಲ್ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಹೀಗೆ ಕರೆದದ್ದು ಪತ್ರದ ರೂಢಿಗಾಗಿ, ಹೆಚ್ಚು ಹಿಗ್ಗಬೇಡಿ. ವಿಷಯ ಇಷ್ಟು. ಸಂಬಳ ಕೊಟ್ಟು ಆಡಿಸುವ ನಿಮ್ಮ ತಂಡದಲ್ಲಿ ಹನ್ನೆರಡು ಸ್ಥಾನಗಳಿವೆ. ಹನ್ನೊಂದನ್ನು ಬೆಂಗಳೂರಿನಲ್ಲೇ ತುಂಬಿಕೊಂಡು, ಕೊನೆಯ ಒಂದನ್ನು ಕೊಡಗಿಗೆ ಬಿಟ್ಟಿರಿ. ಆ ಒಂದನ್ನು ಆಡಲು ಬಾರದವನಿಗೆ ಕೊಟ್ಟಿರಿ. ಕೊಟ್ಟು ತಿಂಗಳ ಮೇಲಾಯಿತು, ಆ ಮಹಾಶಯ ಇನ್ನೂ ತಂಡದ ಕಡೆ ತಲೆ ಹಾಕಿಲ್ಲ. ಆಡಬಲ್ಲವನು ಇಲ್ಲಿ ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಗೋರುತ್ತಿದ್ದಾನೆ. ಅವನ ಹೆಸರು ಬೋಜಪ್ಪ. ಬರುವ ಮೂವತ್ತೊಂದಕ್ಕೆ ಅವನಿಗೆ ಇಪ್ಪತ್ತೈದು ತುಂಬುತ್ತದೆ. ನಿಮ್ಮದೇ ನಿಯಮದಂತೆ ಆಮೇಲೆ ಅವನನ್ನು ಸೇರಿಸಿಕೊಳ್ಳುವಂತಿಲ್ಲ. ಉಳಿದಿರುವುದು ಇಪ್ಪತ್ತಮೂರು ದಿನ.

ಬೋಜಪ್ಪ ನನ್ನ ತಂಗಿ ನೀಲಾವತಿಯ ಮಗ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಏನೋ ಭಾರಿ ಪತ್ತೆ ಮಾಡಿದವರಂತೆ ಹೇಳುತ್ತೀರಿ. ಹೌದು, ನಾನು ಸೋದರಮಾವ. ಆದರೆ ನನ್ನ ಕೈಯಲ್ಲಿ ಯಾವ ಪಟ್ಟಿಯೂ ಇಲ್ಲ. ನೀವು ಆರಿಸಿದ ಆಟಗಾರನೋ, ನಿಮ್ಮ ಮನೆಯವರ ಅಣ್ಣನ ಮಗ. ಪರೀಕ್ಷೆಗೆ ಬಂದವನು ಇಳಿದುಕೊಂಡದ್ದು ಮಡಿಕೇರಿಯಲ್ಲಿ ನೀವು ತಂಗಿದ್ದ ಬಂಗಲೆಯಲ್ಲೇ. ಮಾವಂದಿರಲ್ಲೂ ಇಷ್ಟೊಂದು ತಾರತಮ್ಯ ಇರುತ್ತದೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಹದಿನೆಂಟು ವರ್ಷ ಸೈನ್ಯದಲ್ಲಿದ್ದವನು ನಾನು. ಈ ಆಟ ಕಲಿತದ್ದು ಅಲ್ಲೇ. ಊರಿಗೆ ಮರಳಿದಾಗ ಆಡಲು ಜಾಗವಿರಲಿಲ್ಲ; ನಮ್ಮ ಕಡೆ ಮಟ್ಟಸವಾದ ನೆಲ ಎಂದರೆ ಕಾಫಿ ಒಣಗಿಸುವ ಕಣ ಒಂದೇ. ಎಸ್ಟೇಟಿನ ಧಣಿ ಉತ್ತಯ್ಯನವರು ದೊಡ್ಡ ಮನಸ್ಸು ಮಾಡಿ, ಕಾಫಿ ಹರಡದ ತಿಂಗಳುಗಳಲ್ಲಿ ತಮ್ಮ ಸಿಮೆಂಟಿನ ಕಣದಲ್ಲಿ ಆಡಿಕೊಳ್ಳಿ ಎಂದರು. ಎರಡು ಸಿಲ್ವರ್ ಮರದ ಕಂಬ ನೆಟ್ಟು, ಹಲಗೆ ಹೊಡೆದು, ಹಳೆಯ ಪೀಪಾಯಿಯ ಕಬ್ಬಿಣದ ಬಳೆಯನ್ನು ಹತ್ತಡಿ ಎತ್ತರಕ್ಕೆ ಬಿಗಿದೆ. ಧಣಿಗಳ ಷರತ್ತು ಒಂದೇ, ಕಣಕ್ಕೆ ಯಾರೂ ಮೆಟ್ಟು ಹಾಕಿ ಹತ್ತಬಾರದು. ಅದು ಅವರು ಹೊಸದಾಗಿ ಮಾಡಿದ ಕಟ್ಟಳೆಯಲ್ಲ. ಕಾಫಿ ಹರಡುವ ನೆಲಕ್ಕೆ ಚಪ್ಪಲಿಯ ಮಣ್ಣು ತಾಗಿಸುವವರು ನಮ್ಮಲ್ಲಿ ಇಲ್ಲ. ಧಣಿಗಳೂ ಬಿಚ್ಚುತ್ತಾರೆ, ಕೂಲಿಕಾರರ ಲೈನ್‌ಮನೆಯವರೂ ಬಿಚ್ಚುತ್ತಾರೆ, ಅಂಚೆಯವನೂ ಬಿಚ್ಚುತ್ತಾನೆ. ಬೋಜಪ್ಪ ಏಳು ವರ್ಷ ಆ ಕಣದಲ್ಲಿ ಬರಿಗಾಲಲ್ಲಿ ಆಡಿದ.

ಈಗ ಜನವರಿ ಮೂವತ್ತೊಂದರ ಶನಿವಾರಕ್ಕೆ ಬರೋಣ. ಮಡಿಕೇರಿಯಲ್ಲಿ ನಿಮ್ಮ ಪರೀಕ್ಷೆ. ಇಪ್ಪತ್ತಾರು ಜನ ಬಂದಿದ್ದರು. ಬೂಟು ಕಡ್ಡಾಯ ಎಂದು ಪ್ರಕಟಣೆಯಲ್ಲಿ ಇದ್ದುದರಿಂದ ಉತ್ತಯ್ಯನವರ ಟೆನಿಸ್ ಬೂಟನ್ನೇ ಕೇಳಿ ತಂದಿದ್ದೆವು. ಬೋಜಪ್ಪ ಬಸ್ಸಿನಿಂದ ಮೈದಾನದವರೆಗೆ ಅದನ್ನು ಹಾಕಿಕೊಂಡೇ ನಡೆದ. ಮೈದಾನ ಎಂದರೆ ಹೊಸ ಸಿಮೆಂಟಿನ ಅಂಗಳ, ಉದ್ದಕ್ಕೂ ಗುಡಿಸಿ ಚೊಕ್ಕಟ ಮಾಡಿಟ್ಟದ್ದು. ಅದರ ಅಂಚಿಗೆ ಬಂದವನೇ ಬಗ್ಗಿ ಬೂಟು ಬಿಚ್ಚಿದ. ಎರಡನ್ನೂ ಜೋಡಿಸಿ ಬದಿಗಿಟ್ಟು ಒಳಗೆ ಹೋಗಿ ನಿಂತ.

ಮೊದಲು ನಕ್ಕವರು ನೀವು. ಅಧ್ಯಕ್ಷರು ನಕ್ಕ ಮೇಲೆ ಉಳಿದವರು ಹಿಂದೆ ಬೀಳುತ್ತಾರೆಯೇ? ಪಕ್ಕದವರಿಗೆ ಕೇಳುವಂತೆ, "ಇವನೇನ್ರೀ, ದೇವಸ್ಥಾನಕ್ಕೆ ಬಂದನೋ ಆಟಕ್ಕೆ ಬಂದನೋ?" ಎಂದಿರಿ. ನಾನು ಓಡಿಹೋಗಿ ಹೇಳಿದ ಮೇಲೆ ಅವನು ತಿರುಗಿ ಬಂದು, ಕಿವಿಯೆಲ್ಲ ಕೆಂಪಾಗಿಸಿಕೊಂಡು, ಬೂಟು ಹಾಕಿಕೊಂಡ. ಇದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಆಡಿದ. ಅಡ್ಡ ಬಂದವರನ್ನು ತಪ್ಪಿಸಿ ಆಡಿದ. ಕೊನೆಗೆ ಗೆರೆಯ ಮೇಲೆ ನಿಂತು ಎಲ್ಲರೂ ಇಪ್ಪತ್ತಿಪ್ಪತ್ತು ಚೆಂಡು ಎಸೆಯಬೇಕಾಗಿತ್ತು. ತನಗೆ ಬಿಗಿಯಾದ ಬೂಟಿನಲ್ಲಿ ನಿಂತು ಬೋಜಪ್ಪ ಹದಿನಾಲ್ಕು ಹಾಕಿದ. ಅವನಿಗಿಂತ ಹೆಚ್ಚು ಹಾಕಿದವರು ಅಲ್ಲಿ ಇರಲಿಲ್ಲ. ನಿಮ್ಮ ನೆಂಟ ಮೂರು ಹಾಕಿದರು. ಅದರಲ್ಲಿ ಒಂದು ಹಲಗೆಗೂ ಬಳೆಗೂ ತಾಗಿ, ಹೋಗಲೋ ಬೇಡವೋ ಎಂದು ಯೋಚಿಸಿ, ದಾಕ್ಷಿಣ್ಯಕ್ಕೆ ಒಳಗೆ ಬಿತ್ತು. ಆದರೆ ಅವರ ಬೂಟು ಚೆನ್ನಾಗಿತ್ತು, ನಾನು ಒಪ್ಪುತ್ತೇನೆ.

ಸೋಮವಾರ ನಿಮ್ಮ ಕಚೇರಿಯ ಕಾಗದ ಹೊರಟಿತು. ಅದರ ಒಕ್ಕಣೆ ನನಗೆ ಬಾಯಿಪಾಠವಾಗಿದೆ: "ಅಭ್ಯರ್ಥಿಯು ಆಟದ ಮೂಲಭೂತ ಶಿಸ್ತನ್ನು ಅರಿತಿಲ್ಲವಾದ್ದರಿಂದ ಪರಿಗಣಿಸಲಾಗಿಲ್ಲ." ಶಿಸ್ತು! ಚೊಕ್ಕಟ ನೆಲವನ್ನು ಕೊಳೆ ಮಾಡಬಾರದೆಂದು ಬೂಟು ಬಿಚ್ಚಿದವನಿಗೆ ಶಿಸ್ತಿಲ್ಲ, ಮುಕ್ಕಾಲು ಗಂಟೆ ತಡವಾಗಿ ಕಾರಿನಲ್ಲಿ ಬಂದಿಳಿದ ನಿಮ್ಮ ನೆಂಟರಿಗೆ ಶಿಸ್ತು ಇದೆ. ಸ್ವಾಮಿ, ಹದಿನೆಂಟು ವರ್ಷ ಪರೇಡ್ ಮಾಡಿದವನಿಗೆ ಆ ಪದದ ಅರ್ಥವನ್ನು ನೀವು ಹೇಳಿಕೊಡುವ ಶ್ರಮ ತೆಗೆದುಕೊಳ್ಳಬೇಡಿ. ನಮ್ಮ ಕೊಡಗೇ ಒಂದು ಪುಟ್ಟ ರಾಜ್ಯವಾಗಿದ್ದಾಗ ಅನ್ಯಾಯ ಮಡಿಕೇರಿಯಲ್ಲೇ ತಯಾರಾಗುತ್ತಿತ್ತು, ಕೇಳಲು ಹೋದರೆ ಸಂಜೆಯೊಳಗೆ ಮನೆಗೆ ಬರಬಹುದಿತ್ತು. ಮೈಸೂರು ರಾಜ್ಯಕ್ಕೆ ಸೇರಿದ ಈ ಎರಡು ವರ್ಷಗಳಲ್ಲಿ ಅದೂ ಬೆಂಗಳೂರಿನಿಂದ ಬರಬೇಕಾಗಿದೆ. ಪ್ರಗತಿ ಎಂದರೆ ಇದೇ ಇರಬೇಕು.

ಪರೀಕ್ಷೆ ಮುಗಿಸಿ ಬಸ್ಸಿನಲ್ಲಿ ಬರುವಾಗ ನಾನು ಅವನನ್ನು ಬೈದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. "ಎಂತಕ್ಕೆ ಬಿಚ್ಚಿದೆ ಅದರ? ಅಷ್ಟು ಹೇಳಿತ್ತಲ್ಲ ನಾನ್!" ಎಂದು ಎಲ್ಲರೆದುರಿಗೆ ಕೂಗಾಡಿದೆ.  ಬಸ್ಸು ಚೆಟ್ಟಳ್ಳಿ ದಾಟಿದ ಮೇಲೆ ಅವನು ಮೆಲ್ಲಗೆ, "ಕಣದಂಗೆ ಕಂಡತ್ ಮಾವ. ಮೆಟ್ಟು ಹಾಕಿ ಹೆಂಗೆ ಹತ್ತುದು?" ಎಂದ.  ಏಳು ವರ್ಷ ಅವನನ್ನು ಬರಿಗಾಲಲ್ಲಿ ಆಡಿಸಿದವನು ನಾನು, ಬೈಸಿಕೊಂಡವನು ಅವನು. ನಿಮ್ಮ ಮೇಲಿನ ನನ್ನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದೂ ಇದೆ. ಆದರೆ ನಿಮ್ಮ ಪಾಲು ಏನೂ ಕಡಿಮೆಯಾಗುವುದಿಲ್ಲ, ಧೈರ್ಯವಾಗಿರಿ.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಲಿ ಎಂದು ಸುಮ್ಮನಾಗುತ್ತಿದ್ದೆನೇನೋ. ಕಳೆದ ವಾರ ಮಡಿಕೇರಿಗೆ ಹೋದವನು ನಿಮ್ಮ ಶಾಖಾ ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಗುಮಾಸ್ತ ಗುರುವಪ್ಪನವರು ಶನಿವಾರಸಂತೆ ಕಡೆಯವರು, ಒಳ್ಳೆಯ ಮನುಷ್ಯ. ಹನ್ನೊಂದು ಜನ ತರಬೇತಿಗೆ ಹಾಜರಾಗಿದ್ದಾರೆ, ಹನ್ನೆರಡನೆಯವರು ಬಂದಿಲ್ಲ, ಎರಡು ಸಲ ಬರೆದರೂ ಉತ್ತರವಿಲ್ಲ ಎಂದರು. ಹಾಗಾದರೆ ಸ್ಥಾನ ಖಾಲಿ ಇದೆಯಲ್ಲ ಎಂದೆ. ಅವರು ಕನ್ನಡಕ ಮೇಲೇರಿಸಿ, "ಖಾಲಿ ಎಲ್ಲೈತೆ ಹವಾಲ್ದಾರ್ರೇ? ಸೀಟು ಭರ್ತಿ ಆಗೈತೆ. ಆಳು ಬಂದಿಲ್ಲ ಅಷ್ಟೇಯ" ಎಂದರು. ಅವರು ತಮಾಷೆ ಮಾಡಲಿಲ್ಲ. ಕಡತದಲ್ಲಿ ಇದ್ದದ್ದನ್ನು ಓದಿದರು.

ಅಧ್ಯಕ್ಷರೇ, ಬ್ಯಾಸ್ಕೆಟ್‌ಬಾಲನ್ನು ಕಡತದಲ್ಲಿ ಆಡುವ ವಿದ್ಯೆಯನ್ನು ನೀವು ಎಲ್ಲಿ ಕಲಿತಿರಿ? ಬಾರದ ಆಟಗಾರ ದಣಿಯುವುದಿಲ್ಲ, ತಪ್ಪು ಮಾಡುವುದಿಲ್ಲ, ನೀರು ಕೇಳುವುದಿಲ್ಲ. ಆಡಳಿತಕ್ಕೆ ಇದಕ್ಕಿಂತ ಅನುಕೂಲದ ಆಟಗಾರ ಇನ್ನೊಬ್ಬನಿಲ್ಲ. ಹಾಗಿದ್ದರೆ ಉಳಿದ ಹನ್ನೊಂದು ಮಂದಿಯನ್ನೂ ನಿಮ್ಮ ನೆಂಟರ ಪೈಕಿಯೇ ಆರಿಸಿ, ಯಾರೂ ಮನೆ ಬಿಟ್ಟು ಹೊರಡುವುದು ಬೇಡ. ಪಾಪ, ಚೆಂಡಿನ ಖರ್ಚಾದರೂ ಏಕೆ?

ನನ್ನ ಬೇಡಿಕೆ ದೊಡ್ಡದಲ್ಲ. ಬಾರದವನ ಹೆಸರು ಹೊಡೆದುಹಾಕಿ. ಮೂವತ್ತೊಂದರೊಳಗೆ ಯಾವುದೇ ಊರಿನಲ್ಲಿ, ಯಾವುದೇ ನೆಲದ ಮೇಲೆ, ನಾಲ್ಕು ಜನರೆದುರು ಮತ್ತೊಮ್ಮೆ ಪರೀಕ್ಷೆ ಇಡಿ. ಬೋಜಪ್ಪನಿಗಿಂತ ಚೆನ್ನಾಗಿ ಆಡುವವನು ಬಂದರೆ ಅವನಿಗೇ ಕೊಡಿ. ನಾನೇ ಹೋಗಿ ಅವನ ಕೈ ಕುಲುಕುತ್ತೇನೆ. ಬೋಜಪ್ಪ ಏಪ್ರಿಲ್ ಒಂದರಂದು ಪಲ್ಪರ್ ಮನೆಗೆ ಹೋಗುತ್ತಾನೆ, ಬದುಕುತ್ತಾನೆ. ನಿಮ್ಮಿಂದಾಗಿ ಯಾರೂ ಸಾಯುವುದಿಲ್ಲ, ನಿಮಗೆ ಅಷ್ಟು ಯೋಗ್ಯತೆಯನ್ನು ನಾನು ಕೊಡಲಾರೆ. ಆದರೆ ಒಂದು ತಿಂಗಳಿನಿಂದ ಅವನು ಚೆಂಡು ಮುಟ್ಟಿಲ್ಲ. ಅದನ್ನು ನೋಡುವುದು ನನ್ನಿಂದಾಗುತ್ತಿಲ್ಲ.

ಇನ್ನೊಂದು ಮಾತು. ನನ್ನ ಬಳಿ ಆಟ ಕಲಿಯುವವರು ಇನ್ನೂ ಒಂಬತ್ತು ಜನ ಇದ್ದಾರೆ. ಯಾರೂ ದೊಡ್ಡ ಮನೆತನದವರಲ್ಲ. ನಾನು ಅವರಿಗೆ ಮೊದಲ ದಿನವೇ ಹೇಳುವ ಮಾತೊಂದಿತ್ತು: ಈ ಆಟದಲ್ಲಿ ನೀನು ಯಾರ ಮಗ ಎಂದು ಬಳೆ ಕೇಳುವುದಿಲ್ಲ, ಚೆಂಡು ಬಿದ್ದರೆ ಬಿತ್ತು, ಬಿದ್ದದ್ದನ್ನು ಇಲ್ಲ ಎನ್ನಲು ಯಾರಪ್ಪನಿಂದಲೂ ಆಗದು. ಮೊನ್ನೆ ಅವರಲ್ಲೊಬ್ಬ, ಲೈನ್‌ಮನೆಯ ಚಿನ್ನ, ಎರಡು ಮಕ್ಕಳ ತಂದೆ, ಕಾಫಿ ಪಿಕ್ಕಿಂಗ್ ಮುಗಿಸಿ ಬಂದವನು ನನ್ನ ಮುಂದೆ ನಿಂತು ಕೇಳಿದ, "ಸಾರ್, ಇಪ್ಪತ್ತಕ್ಕೆ ಹದಿನಾಲ್ಕು ಹಾಕಿದ್ರೂ ಸಾಲಲ್ಲ ಅಂದ್ರೆ, ನಮ್ಮಂಥೋರು ಎಷ್ಟು ಹಾಕ್ಬೇಕು ಸಾರ್?"

ನಿಮ್ಮನ್ನೇ ಕೇಳಿ ಹೇಳುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ನೀವು ಸಮಿತಿಯ ಅಧ್ಯಕ್ಷರು, ನಿಮಗೆ ಗೊತ್ತಿರಬೇಕು. ಒಂದು ಕಾರ್ಡಿನಲ್ಲಿ ಆ ಸಂಖ್ಯೆಯನ್ನು ಬರೆದು ಕಳಿಸಿ. ಇಪ್ಪತ್ತಕ್ಕಿಂತ ಹೆಚ್ಚಾಗಿದ್ದರೂ ಚಿಂತೆಯಿಲ್ಲ, ಅವರು ಅಭ್ಯಾಸ ಮಾಡುತ್ತಾರೆ.

ಇಂತಿ,
ಶಿಷ್ಯರಿಗೆ ಏಳು ವರ್ಷ ಸುಳ್ಳು ಹೇಳಿದೆನೆಂದು ಈಗ ತಿಳಿದುಕೊಂಡ
ಬೊಳ್ಳಪ್ಪ
ನಿವೃತ್ತ ಹವಾಲ್ದಾರ್