ಹದಿನೇಳನೇ ನಂಬರಿನ ಬುಗುರಿ

ಜೂನ್ 3, ಬೆಳಿಗ್ಗೆ 8

ಮತ್ತೆ ಅದೇ ಗೊಂಬೆ. ಎತ್ತಿಕೊಂಡರೆ ಅಳುತ್ತದೆ, ಕೆಳಗಿಟ್ಟರೆ ಸುಮ್ಮನಾಗುತ್ತದೆ. ಬ್ಯಾಟರಿ ಬದಲಿಸಿದೆ. ಬ್ಯಾಟರಿ ದಂಡ. ಚುಕ್ಕಿಯೇ ಇಲ್ಲದ ದಾಳ — ಒರೆಸಿಟ್ಟೆ. ಒಂದರ ಮೇಲೊಂದು ನಿಲ್ಲದ ದುಂಡು ಬ್ಲಾಕುಗಳು — ಎಣಿಸಿಟ್ಟೆ. ಇವಕ್ಕೆಲ್ಲ ಹೆಸರು ಪ್ರಯೋಗಾತ್ಮಕ ಆಟಿಕೆ. ನಮ್ಮ ಫ್ಯಾಕ್ಟರಿಯಲ್ಲಿ ರಿಜೆಕ್ಟ್ ಅನ್ನುತ್ತಿದ್ದೆವು.

ಆಟಿಕೆ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು. ಅದು ಮುಚ್ಚಿತು, ಈಗ ಈ ಗ್ಯಾಲರಿ. ಪ್ರದರ್ಶನಕ್ಕೆ ಇನ್ನೊಂದು ವಾರ. ಅಷ್ಟರಲ್ಲಿ ಸೀಳು, ಚೂಪು, ಸಡಿಲವಾದದ್ದು ನೋಡಿ ಸರಿಮಾಡಬೇಕು.

ಸ್ಕಾರ್ಫ್ ಮೇಡಂ ಇಲ್ಲಿನ ಮುಖ್ಯಸ್ಥೆ. "ಇವು ಆಟಿಕೆ ಅಲ್ಲಮ್ಮಾ, ಪ್ರಶ್ನೆಗಳು" ಅಂದರು.

"ಹಾಗಾದ್ರೆ ಪೇಪರಲ್ಲಿ ಬರ್ದು ಕೊಡಬಹುದಿತ್ತಲ್ಲ ಮೇಡಂ, ಮರ ಯಾಕೆ ಹಾಳು?"

ನಕ್ಕರು. ಬೈದದ್ದೂ ತಿಳಿಯದ ಜನ.

ಸಂಜೆ

ಊಟಕ್ಕೆ ಕೂತಾಗ ಗೊಂಬೆಯ ಅಳು ಅನುಕರಿಸಿ ತೋರಿಸಿದೆ. ತಂಗಿ ನಗಲಿಲ್ಲ. ಅವಳು ಬ್ಯಾಂಕಿನ ಕೆಲಸ ಬಿಟ್ಟು ವರ್ಷವಾಯಿತು. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಕೊರೆಯುತ್ತಾಳೆ. ಕೇಳಿದರೆ "ಸುಮ್ನೆ, ಅಕ್ಕಾ." ಸುಮ್ಮನೆ ಅನ್ನುವುದೂ ಒಂದು ಉದ್ಯೋಗ!

ಜೂನ್ 5

ಹದಿನೇಳನೇ ನಂಬರು ಒಂದು ಬುಗುರಿ. ಯಾವುದಕ್ಕೂ ಮಾಡಿದವರ ಹೆಸರಿಲ್ಲ, ನಂಬರು ಮಾತ್ರ. ಸ್ಪರ್ಧೆಯ ತೀರ್ಪುಗಾರರು ಆರಿಸುವವರೆಗೆ ಗುಟ್ಟಂತೆ. ಆರಿಸಿದ ಒಬ್ಬರಿಗೆ ವರ್ಷವಿಡೀ ಕೆಲಸದ ಕೋಣೆ, ಮರ ಕಡೆಯುವ ಲೇತು, ಸಂಬಳ. ಪುಣ್ಯವಂತರು.

ಬುಗುರಿಯ ಅವಸ್ಥೆ ನೋಡಬೇಕು. ಮೊಳೆಗೂ ಗತಿಯಿಲ್ಲದೆ ಪೆನ್ಸಿಲ್ ಮೊನೆ ಚುಚ್ಚಿದ್ದಾರೆ. ತಿರುಗಿಸಿದರೆ ಕುಡಿದವರ ಹಾಗೆ ಆ ಕಡೆ, ಈ ಕಡೆ... ಒಂದು ಪಕ್ಕದಲ್ಲಿ ಮರ ಹೆಚ್ಚಾಗಿದೆ. ಕಣ್ಣಿಗೇ ಕಾಣುತ್ತದೆ. ಮರ ಮಾತ್ರ ಒಳ್ಳೆಯದು. ಪಾಪ ಅನಿಸಿತು — ಮರದ ಮೇಲೆ.

ತಡೆಯಲಾಗಲಿಲ್ಲ. ಚಾಕು, ಉಜ್ಜುಕಾಗದ, ಒಂದು ಗಂಟೆ. ಕೆರೆಯುವುದು, ತಿರುಗಿಸುವುದು, ಮತ್ತೆ ಕೆರೆಯುವುದು. ಕೊನೆಗೆ ಕದಲದೆ ನಿಂತಿತು. ಒಂದು ನಿಮಿಷ ಹತ್ತು ಸೆಕೆಂಡು! ಮಾಡಿದ ಪುಣ್ಯಾತ್ಮರು ಬಂದು ನನಗೆ ಕೈಮುಗಿಯಬೇಕು.

ಜೂನ್ 8, ಸಂಜೆ 7

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ತಂಗಿ ಕಾಗದದ ಸುರುಳಿ ತಂದಳು. "ಅಕ್ಕಾ, ನಾಳೆ ಹೋಗುವಾಗ ಇದನ್ನ ತಗೊಂಡು ಹೋಗ್ತೀಯಾ? ಹದಿನೇಳನೇ ನಂಬರಿನ ಕೆಳಗೆ ಹಾಸಬೇಕು."

"ನಿನಗೆ ಯಾಕೆ ಆ ಉಸಾಬರಿ?"

"ಅದು ನಂದು. ಹೇಳಿದ್ರೆ ನೀನು ನಗ್ತೀಯ ಅಂತ ಹೇಳ್ಲಿಲ್ಲ."

ಇನ್ನೊಂದು ಕಾಗದ ಬಿಡಿಸಿದಳು, ಮನೆಯಲ್ಲಿ ಆಡಿ ನೋಡಿದ್ದು. ತುಂಬಾ ಗೆರೆಗಳು. ಓಲಾಡುತ್ತಾ ಬುಗುರಿಯೇ ಎಳೆದದ್ದು. ಒಂದೊಂದು ಕೈಗೂ ಒಂದೊಂದು ಬಗೆಯ ಗೆರೆ ಬರುತ್ತದಂತೆ. ಒಂದು ಅವಳದ್ದು, ಒಂದು ಪಕ್ಕದ ಮನೆಯ ಅಜ್ಜಿಯದ್ದು. ಓಲಾಟದ ಅಳತೆ ಸಿಗಲು ನಾಲ್ಕು ತಿಂಗಳು, ಮೂವತ್ತಾರು ಬುಗುರಿ. ಸರಿಯಾಗಿ ಬಂದದ್ದು ಅದೊಂದೇ.

ಚೆನ್ನಾಗಿದೆ ಎಂದು ಕೂಡ ಹೇಳಲಿಲ್ಲ. "ಸರಿ, ತಗೊಂಡು ಹೋಗ್ತೀನಿ" ಅಂದೆ. ಅಷ್ಟಕ್ಕೇ ಅವಳ ಮುಖ ಅರಳಿತು.

ಜೂನ್ 9

ಆರಕ್ಕೇ ಹೋದೆ. ಕೆರೆದ ಕಡೆಗೆ ಮೇಣ ಅಂಟಿಸಿದೆ — ತಿರುಗಿಸಿದೊಡನೆ ಹಾರಿಹೋಯಿತು. ಇನ್ನೊಂದು ಪಕ್ಕ ಕೆರೆದೆ — ಎರಡು ಸುತ್ತಿಗೇ ಬಿತ್ತು. ಮತ್ತೆ ಸರಿಮಾಡಲು ಹೋದರೆ ನೆಟ್ಟಗೇ ನಿಲ್ಲುತ್ತದೆ, ಹಾಳಾದ್ದು! ಈ ಕೈಗೆ ಅದೊಂದೇ ಗೊತ್ತು. ಊರಿನ ಬುದ್ಧಿವಂತರನ್ನೆಲ್ಲ ಆಡಿಕೊಂಡು ನಕ್ಕವಳು ನಾನು. ನನಗಿಂತ ದಡ್ಡಿ ಆ ಕಟ್ಟಡದಲ್ಲಿ ಯಾರಿದ್ದರು?

ಮನೆಗೆ ಬಂದಾಗ "ಹಾಸಿದ್ಯಾ?" ಅಂದಳು. ಹ್ಞೂಂ ಅಂದೆ. ಹೇಳಲಿಲ್ಲ. ಹೇಡಿ.

ಜೂನ್ 10, ಸಂಜೆ 6

ತೀರ್ಪುಗಾರರು ಮೂವರು. ಸ್ಪರ್ಧಿಗಳೆಲ್ಲ ಹಗ್ಗದ ಆಚೆ, ತಂಗಿಯೂ ಅಲ್ಲೇ. ತೀರ್ಪುಗಾರರಲ್ಲಿ ಜುಟ್ಟು ಕಟ್ಟಿದವನು ಬುಗುರಿ ತಿರುಗಿಸಿದ. ನಿಂತಿತು. ನಿಂತೇ ಇತ್ತು. ಅಷ್ಟಗಲದ ಬಿಳಿ ಕಾಗದದ ನಡುವೆ ಸಾಸಿವೆ ಕಾಳಿನಷ್ಟು ಚುಕ್ಕಿ.

ತಂಗಿ ಮೊದಲು ಬುಗುರಿ ನೋಡಿದಳು. ಆಮೇಲೆ ನನ್ನನ್ನು.

"ಇಷ್ಟು ದೊಡ್ಡ ಕಾಗದ, ಒಂದೇ ಚುಕ್ಕಿ! ಎಂಥ ಸಂಯಮ!" ಅಂದ ಜುಟ್ಟಿನವನು. ಉಳಿದಿಬ್ಬರೂ ತಲೆದೂಗಿದರು. "ಮೌನ" ಅಂದಳು ಒಬ್ಬಳು. ಮೌನವಂತೆ! ಅರ್ಧ ಗಂಟೆಯಲ್ಲಿ ತೀರ್ಪು: ಹದಿನೇಳನೇ ನಂಬರು. ಸನ್ಮಾನ ನಾಳೆ, ವೇದಿಕೆಯಲ್ಲಿ. ಸ್ಕಾರ್ಫ್ ಮೇಡಂ ಮೊದಲ ಚಪ್ಪಾಳೆ. ಅಯ್ಯೋ, ಇವರ ಕಣ್ಣಿಗಿಷ್ಟು... ನನ್ನ ಬೈಗುಳವೆಲ್ಲ ನಿಜವಾಯಿತು. ಖುಷಿಯಾಗಬೇಕಿತ್ತು.

ಸಂಜೆ 7.30

ಮನೆಗೆ ಬಂದು ಚಪ್ಪಲಿ ಬಿಡುತ್ತಾ ತಂಗಿ ಕೇಳಿದಳು:

"ಯಾವತ್ತು ಮಾಡ್ದೆ?"

"ಐದನೇ ತಾರೀಕು. ನಿಂದು ಅಂತ ಗೊತ್ತಿರ್ಲಿಲ್ಲ ಕಣೇ."

"ಎಂಟಕ್ಕೆ ಗೊತ್ತಾಯ್ತಲ್ಲ?"

ಅವಳು ಬಿಟ್ಟ ಚಪ್ಪಲಿ ಜೋಡಿಸಿಟ್ಟೆ.

ಗ್ಯಾಲರಿಯಿಂದ ತಂದಿದ್ದ ಬುಗುರಿಯನ್ನು ಚೀಲದಿಂದ ತೆಗೆದು ನನ್ನ ಕೈಗಿಟ್ಟಳು. "ಅವರು ಆರಿಸಿದ್ದು ನಿನ್ನ ಕೆಲಸಾನ, ಅಕ್ಕಾ. ನಾಳೆ ವೇದಿಕೆ ಮೇಲೆ ನೀನೇ ಹೋಗು. ಆ ಕೆಲಸದ ಕೋಣೇನೂ ನೀನೇ ಇಟ್ಕೊ."

ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡಳು. ಕೊರೆಯುವ ಸದ್ದಿಲ್ಲ. ಹೊರಗೆ ನಿಂತೇ ಹೇಳಿದೆ — ಆ ಗೆರೆಗಳು ಚೆನ್ನಾಗಿದ್ವು ಕಣೇ, ಮೊನ್ನೇನೇ ಹೇಳ್ಬೇಕಿತ್ತು, ನಾಳೆ ಮೇಡಂ ಹತ್ರ ಎಲ್ಲಾ ನಾನೇ ಹೇಳ್ತೀನಿ, ಬಾಗಿಲು ತೆಗಿ, ನಾನು ತಿರುಗ್ಸಿದ್ರೆ ಎಂಥ ಗೆರೆ ಬರ್ತಿತ್ತು ಅಂತ ನಂಗೂ...