ಮುಂದಿನ ಸಾಲಿನ ಖಾಲಿ ಕುರ್ಚಿಗಳು

೧೪ ಮಾರ್ಚ್, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟು ದೂರ ಬಂದದ್ದೇ ಅಕ್ಕನಿಗೆ ಈ ನಾಟಕ ತೋರಿಸಲು. ನಮ್ಮ ಕೈಗೆಟುಕಿದ್ದು ಕಟ್ಟಕಡೆಯ ಸಾಲಿನ ಟಿಕೆಟ್. ಅಕ್ಕನಿಗೆ ಕಿವಿ ಮಂದ. ಮುಂದಿನ ಸಾಲು ಪೂರ್ತಿ ಖಾಲಿ ಇದ್ದದ್ದನ್ನು ನೋಡಿ ಬಾಗಿಲಲ್ಲಿದ್ದವನನ್ನು ಅಂಗಲಾಚಿದೆ.

“ಅದು ಅತಿಥಿಗಳಿಗೆ ಮೇಡಂ, ಬಿಡಕ್ಕಾಗಲ್ಲ.”

ಒಬ್ಬ ಅತಿಥಿಯೂ ಬರಲಿಲ್ಲ. ನಟರು ಖಾಲಿ ಕುರ್ಚಿಗಳ ಮುಂದೆಯೇ ಆಡಿದರು.

“ಏನಂದ್ಲೇ ಅವಳು?” ಎಂದು ಅಕ್ಕ ಒಮ್ಮೆ ಕೇಳಿದ್ದಕ್ಕೆ ಪಕ್ಕದವನು, “ಮಾತಾಡೋದಿದ್ರೆ ಮನೇಲಿರಿ,” ಎಂದು ಗದರಿದ. ಆಮೇಲೆ ಅವಳು ಎಲ್ಲರೂ ನಕ್ಕಾಗ ನಕ್ಕಳು, ಎಲ್ಲರೂ ತಟ್ಟಿದಾಗ ಚಪ್ಪಾಳೆ ತಟ್ಟಿದಳು.

ರೂಮಿಗೆ ಬಂದ ಮೇಲೆ, “ತುಂಬಾ ಚೆನ್ನಾಗಿತ್ತು ಕಣೆ,” ಎಂದಳು. ನನಗೆ ಬೇಜಾರಾಗದಿರಲೆಂದು! ಅದಕ್ಕೇ ಮೈ ಉರಿಯುತ್ತಿದೆ.

ನಾಳೆಯೂ ಆಟವಿದೆ. ಯಾರನ್ನೂ ಕೇಳುವುದಿಲ್ಲ. ಅವಳ ಕೈ ಹಿಡಿದು ನೆಟ್ಟಗೆ ಹೋಗಿ ಮುಂದೆ ಕೂರಿಸುತ್ತೇನೆ. ಎಬ್ಬಿಸಲಿ, ನೋಡೇ ಬಿಡೋಣ.