ಬೇಲಿಯವರೆಗಿನ ದಾರಿ

ಚೊರ್ವೊನ್
ಮೇ ತಿಂಗಳು

ಅಮ್ಮಾ,

ನಿನ್ನೆ ಉತ್ತರ ಗಡಿಯ ಕಾಲುದಾರಿಯಲ್ಲಿ ನಡೆದು ಬಂದೆ. ಸೈನ್ಯದವರು ಅದನ್ನು ಪ್ರವಾಸಿಗರಿಗೆ ತೆರೆದಿದ್ದಾರೆ ಎಂದಾಗ ನೀನು ನಂಬಿರಲಿಲ್ಲ. ಅಪ್ಪ ಪಲ್ಯಕ್ಕೆ ಜರಿಗಿಡದ ಚಿಗುರು ಕೀಳಲು ಹೋಗಿ, ನೆಲಬಾಂಬು ತುಳಿದು ಸತ್ತ ಇಳಿಜಾರು ಈಗಲೂ ಬೇಲಿಯ ಆಚೆಗೇ ಇದೆ. ಅಲ್ಲಿನ ಬಾಂಬುಗಳನ್ನು ಇನ್ನೂ ತೆಗೆದಿಲ್ಲ. ಅಪ್ಪನನ್ನೂ ತಂದಿಲ್ಲ.

ದಾರಿ ತೋರಿಸುವ ಹುಡುಗಿ ನಗುತ್ತ, "ಯುದ್ಧ ಮುಗಿದ ಮೇಲೆ ಇಲ್ಲಿ ಮನುಷ್ಯರ ಕಾಲೇ ಬಿದ್ದಿಲ್ಲ ನೋಡಿ, ಅದಕ್ಕೇ ಇಷ್ಟು ಹಸಿರು" ಅಂದಳು. ಎಲ್ಲರೂ ಫೋಟೋ ತೆಗೆದುಕೊಂಡರು.

"ನಮ್ಮಪ್ಪನ ಕಾಲು ಬಿದ್ದಿತ್ತು ಕಣಮ್ಮ" ಅಂದೆ.

ಅವಳ ನಗು ನಿಂತಿತು. "ಅವರ ಹೆಸರೇನಕ್ಕಾ?" ಅಂತ ಕೇಳಿದಳು. ಹೇಳಿದೆ.

"ನಮಸ್ಕಾರ ಮಾಡ್ಕೊಳ್ಳಿ, ನಾವೆಲ್ಲ ಕಾಯ್ತೀವಿ. ಬೇಲಿ ಮಾತ್ರ ಮುಟ್ಬೇಡಿ."

ಅಪ್ಪನಿಗೆಂದು ನೀನು ಕೊಟ್ಟಿದ್ದ ಅಕ್ಕಿಯ ಹೆಂಡವನ್ನು ದಾರಿಯ ಅಂಚಿಗೆ ಸುರಿದು, ಸತ್ತವರಿಗೆ ಮಾಡುವಂತೆ ಎರಡು ಸಲ ಅಡ್ಡಬಿದ್ದೆ.

ನೀನು ಕೇಳಿದ ಹಿಡಿ ಮಣ್ಣು ತರಲಾಗಲಿಲ್ಲ. ಅಲ್ಲಿಂದ ಏನನ್ನೂ ಒಯ್ಯಬಾರದಂತೆ. ನೀನೂ ಒಮ್ಮೆ ಇಲ್ಲಿಗೆ ಬರಬೇಕಲ್ಲ, ಹಟ ಮಾಡದೆ ಮೊಣಕಾಲನ್ನು ಡಾಕ್ಟರಿಗೆ ತೋರಿಸಿಕೋ. ಆ ದಾರಿಯಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ. ಬೇಲಿಯವರೆಗೆ ನಡೆದರೆ ಸಾಕಮ್ಮ. ಅಲ್ಲಿಂದಾಚೆಗೆ ನಮ್ಮನ್ನು ಯಾರೂ ಬಿಡುವುದಿಲ್ಲ.

ನಿನ್ನ ಮಗಳು,
ಒಕ್‌ಹೀ